ಮೇಲಿನ ಸಾಲಿನ ಕಂಪನಿ

ಕಂಪನಿ ಮನುಷ್ಯರ ಹಕ್ಕುಗಳನ್ನು ಎಷ್ಟು ಗೌರವಿಸುತ್ತದೆ ಎಂದು ಅಳೆಯಲು ಆ ದಿನ ಜನ ಬರುವವರಿದ್ದರು. ಅದಕ್ಕಾಗಿ ಹಸಿ ಶೆಡ್ಡಿನ ಹೆಂಗಸರನ್ನೆಲ್ಲ ಚರ್ಮದ ಉಗ್ರಾಣಕ್ಕೆ ತುಂಬಿ ಹೊರಗಿನಿಂದ ಬೀಗ ಹಾಕಿದರು.

ಬೀಗ ಹಾಕಿದವನು ಸೂಪರ್‌ವೈಸರ್. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಅವನಿಗೆ ಸೀಟಿ ಎಂದೇ ಹೆಸರು ಬಿದ್ದಿತ್ತು. ಕಾರು ದೊಡ್ಡ ರಸ್ತೆಯಿಂದ ತಿರುಗಿತು ಎಂದು ಗೇಟಿನಿಂದ ಫೋನ್ ಬಂದ ಕೂಡಲೇ ಊದಿದ. ಹೆಂಗಸರು ಕೈಯಲ್ಲಿದ್ದ ಕೊಕ್ಕೆ ಕೋಲುಗಳನ್ನು ತೊಟ್ಟಿಗೆ ಒರಗಿಸಿದರು. ಸುಣ್ಣದ ನೀರು ಸೋರುತ್ತಿದ್ದ ಬಟ್ಟೆಯಲ್ಲೇ ಒಳಗೆ ನಡೆದರು. ಫೋನುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿಸಿಕೊಂಡ. ಮಾತಾಡಬಾರದು, ಕೆಮ್ಮಬಾರದು, ಅವರು ಹೋದ ತಕ್ಷಣ ತೆಗೆಯುತ್ತೇನೆ ಎಂದ. ಕುಡಿಯಲು ನೀರಾದರೂ ಇಡಿ ಎಂದು ಒಬ್ಬಳು ಕೇಳಿದಳು. ನೀರು ಕುಡಿದರೆ ಉಚ್ಚೆ ಬರುತ್ತದೆ, ಉಚ್ಚೆ ಬಂದರೆ ಬಾಗಿಲು ಬಡಿಯುತ್ತೀರಿ ಎಂದ. ಎಲ್ಲವನ್ನೂ ಯೋಚಿಸಿಯೇ ಬಂದಿದ್ದ.

ಅವರಿಗೆ ರಜೆ ಕೊಟ್ಟು ಮನೆಗೆ ಕಳಿಸಬಹುದಿತ್ತು. ಆದರೆ ತೊಟ್ಟಿಗಳಲ್ಲಿ ಚರ್ಮ ನೆನೆಯುತ್ತಿತ್ತು. ಸುಣ್ಣದಲ್ಲಿ ಬಿದ್ದ ಚರ್ಮವನ್ನು ಆಗಾಗ ತಿರುವಬೇಕು, ಹೊತ್ತಿಗೆ ಸರಿಯಾಗಿ ಎತ್ತಬೇಕು. ಬಿಟ್ಟರೆ ಲೋಳೆಯಾಗಿ ಹೋಗುತ್ತದೆ. ಹೆಂಗಸರು ಬೇಕು, ಕಣ್ಣಿಗೆ ಮಾತ್ರ ಬೀಳಬಾರದು.

ಕಂಪನಿ ಬೂಟು, ಕೈಚೀಲ ಮಾಡುತ್ತಿತ್ತು. ಮುಂದುಗಡೆ ಹೊಲಿಗೆ ಹಾಲು. ಅಲ್ಲಿ ಫ್ಯಾನು, ಕುರ್ಚಿ, ಗೋಡೆಗೆ ಬಿಳಿ ಬಣ್ಣ. ಅಲ್ಲಿನವರು ಕಂಪನಿಯ ಕೆಲಸಗಾರರು. ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿಕೊಂಡು ಮುಂದಿನ ಗೇಟಿನಿಂದ ಬರುತ್ತಿದ್ದರು. ಹಿಂದುಗಡೆ ಹಸಿ ಶೆಡ್ಡು. ರೋಮ, ರಕ್ತ, ಉಪ್ಪು ಮೆತ್ತಿದ ಚರ್ಮ ಲಾರಿಯಿಂದ ಅಲ್ಲಿ ಇಳಿಯುತ್ತಿತ್ತು. ಅದನ್ನು ತೊಳೆದು, ಸುಣ್ಣದಲ್ಲಿ ಅದ್ದಿ, ಕೂದಲು ಕೆರೆದು, ಕೊಬ್ಬು ಹೆರೆಯುವವರು ಗುತ್ತಿಗೆದಾರನ ಜನ. ಅವರಿಗೆ ಹಿಂದಿನ ಗೇಟು, ಕಾರ್ಡು ಇಲ್ಲ. ಗುತ್ತಿಗೆದಾರನನ್ನು ಅವರು ಅಳಿಯ ಎಂದು ಕರೆಯುತ್ತಿದ್ದರು. ಬರುತ್ತಾನೆ, ಕೂರುತ್ತಾನೆ, ತರಿಸಿಕೊಂಡು ಕುಡಿಯುತ್ತಾನೆ, ಒಂದು ಕಡ್ಡಿಯನ್ನು ಇತ್ತಿಂದತ್ತ ಎತ್ತಿಡುವುದಿಲ್ಲ, ಆದರೂ ಅವನು ಬಂದಾಗ ಎಲ್ಲರೂ ಎದ್ದು ನಿಲ್ಲಬೇಕು. ಅಳಿಯನಲ್ಲದೆ ಇನ್ನೇನು?

ಉಗ್ರಾಣದೊಳಗೆ ಹೋದ ಹೆಂಗಸರಲ್ಲಿ ಒಬ್ಬಳು ಅತ್ತೆ. ಅವಳ ಸೊಸೆ ಅದೇ ಹೊತ್ತಿಗೆ ಹೊಲಿಗೆ ಹಾಲಿನ ಪಕ್ಕದ ಕೋಣೆಯ ಹೊರಗೆ, ಕಂಪನಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಲು ಕಾಯುತ್ತ ಕೂತಿದ್ದಳು.

ಅತ್ತೆ ಸೊಸೆ ಒಂದೇ ಮನೆಯವರು. ಮನೆ ಎಂದರೆ ಒಂದು ಕೋಣೆ, ಒಂದು ಕಿಟಕಿ, ಗೋಡೆಯಾಚೆ ಗಾಡಿಗಳ ಗ್ಯಾರೇಜು. ಅತ್ತೆ ಬಾಗಿಲ ಬಳಿ ಮಲಗುತ್ತಿದ್ದಳು. ಎಷ್ಟು ಉಜ್ಜಿದರೂ ಅವಳ ಮೈಯಿಂದ ಹಸಿ ಚರ್ಮದ ವಾಸನೆ ಹೋಗುತ್ತಿರಲಿಲ್ಲ. ಬೆರಳಿನ ಉಗುರುಗಳನ್ನು ಸುಣ್ಣ ತಿಂದು ಅರ್ಧಕ್ಕೆ ಇಳಿಸಿತ್ತು. ಅಂಗೈ ಬಿರಿದು ಬಿರುಕಿನೊಳಗೆ ಕೆಂಪು ಕಾಣುತ್ತಿತ್ತು. ಮೊಮ್ಮಗಳು ಮಾತ್ರ ವಾಸನೆ ಗೀಸನೆ ನೋಡದೆ ಅಜ್ಜಿಯ ಪಕ್ಕಕ್ಕೆ ಉರುಳಿಕೊಂಡು ಹೋಗುತ್ತಿದ್ದಳು.

ಅತ್ತೆ ಸೊಸೆಯೊಂದಿಗೆ ಮಾತಾಡುವುದನ್ನು ಬಿಟ್ಟಿದ್ದಳು. ಏನಾದರೂ ಹೇಳಬೇಕಾದರೆ ಮೊಮ್ಮಗಳ ಮುಖ ನೋಡಿ ಹೇಳುತ್ತಿದ್ದಳು. ನಿಮ್ಮಮ್ಮನಿಗೆ ಹೇಳು, ಪಾತ್ರೆಯಲ್ಲಿ ಅನ್ನ ಇದೆ. ನಿಮ್ಮಮ್ಮನಿಗೆ ಹೇಳು, ನೀರು ಬಂತು. ಸೊಸೆಯೂ ಅದೇ ದಾರಿ ಹಿಡಿದಿದ್ದಳು. ಮಗು ಮನೆಯಲ್ಲಿ ಇಲ್ಲದಾಗ ಇಬ್ಬರೂ ಮೂಕರು. ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಟು, ಒಂದೇ ಬಸ್ಸು ಹತ್ತಿ, ಬೇರೆ ಬೇರೆ ಕಡೆ ಕೂರುತ್ತಿದ್ದರು. ಅತ್ತೆ ಕೂತ ಸೀಟಿನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಸೊಸೆ ಕಿಟಕಿಯಾಚೆ ನೋಡುತ್ತಿದ್ದಳು.

ಇದಕ್ಕೆ ಕಾರಣ ಹೊಂಡ.

ಹಸಿ ಶೆಡ್ಡಿನ ಕೊಳಕು ನೀರೆಲ್ಲ ನೆಲದೊಳಗಿನ ಒಂದು ಹೊಂಡಕ್ಕೆ ಇಳಿಯುತ್ತಿತ್ತು. ಮೇಲೆ ಕಬ್ಬಿಣದ ಮುಚ್ಚಳ. ಕೂದಲು, ಕೊಬ್ಬು, ಸುಣ್ಣದ ಕೆಸರು ಸೇರಿ ಅದು ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡಾಗ ಯಾರಾದರೂ ಇಳಿಯಬೇಕು. ಆ ಸಲ ಅತ್ತೆಯ ಮಗನನ್ನು ಇಳಿಸಿದರು. ಅವನ ಕೆಲಸ ಲಾರಿಯಿಂದ ಚರ್ಮ ಇಳಿಸುವುದು. ಗಟ್ಟಿಮುಟ್ಟಾಗಿದ್ದಾನೆ, ಐದು ನಿಮಿಷದ ಕೆಲಸ ಎಂದ ಅಳಿಯ. ಹಗ್ಗ ಇರಲಿಲ್ಲ. ಮುಖವಾಡ ಇರಲಿಲ್ಲ. ಒಂದು ಬಕೆಟ್ಟು ಕೊಟ್ಟರು. ಕೆಳಗೆ ಕೊಳೆತ ಮೊಟ್ಟೆಯ ನಾತ ಇರುತ್ತದೆ. ನಾತ ಇರುವಷ್ಟು ಹೊತ್ತು ಮನುಷ್ಯ ಬದುಕಿರುತ್ತಾನೆ. ಅದು ಮೂಗಿಗೆ ತಿಳಿಯುವುದು ನಿಂತಿತೆಂದರೆ ಮುಗಿಯಿತು. ಅವನು ಕೆಳಗಿನಿಂದ, ವಾಸನೆ ಹೋಯ್ತು, ಈಗ ಪರವಾಗಿಲ್ಲ ಎಂದು ಕೂಗಿದನಂತೆ. ಮತ್ತೆ ಕೂಗಲಿಲ್ಲ.

ಚರ್ಮ ಎತ್ತುವ ಕೊಕ್ಕೆ ಕೋಲುಗಳಲ್ಲೇ ಅವನನ್ನು ಎತ್ತಿದರು. ಎತ್ತಿದವರಲ್ಲಿ ಅವನ ತಾಯಿಯೂ ಇದ್ದಳು.

ಪೈಪು ಹಿಡಿದು ಹೆಣವನ್ನು ತೊಳೆದರು. ಹಿಂದಿನ ಗೇಟಿನಿಂದ ಒಯ್ದು ದೊಡ್ಡ ರಸ್ತೆಯ ಬದಿಗೆ ಮಲಗಿಸಿದರು. ಯಾವುದೋ ಲಾರಿ ಗುದ್ದಿಕೊಂಡು ಹೋಯಿತು ಎಂದು ಪೊಲೀಸರು ಬರೆದುಕೊಂಡರು. ನನ್ನ ಮಗ ಹೊಂಡದಲ್ಲಿ ಸತ್ತ ಎಂದು ಅತ್ತೆ ಸ್ಟೇಷನ್ನಿನ ಮುಂದೆ ಬಾಯಿ ಬಡಿದುಕೊಂಡಳು. ಪಾಪ, ತಲೆ ಕೆಟ್ಟಿದೆ ಎಂದರು.

ಆಮೇಲೆ ಮೇನೇಜರ್ ಮನೆಗೆ ಬಂದ. ಕೂರಲು ಗ್ಯಾರೇಜಿನಿಂದ ಕುರ್ಚಿ ತರಬೇಕಾಯಿತು. ಸೊಸೆಗೆ ಹೊಲಿಗೆ ಹಾಲಿನಲ್ಲಿ ಕೆಲಸ ಕೊಡುತ್ತೇವೆ, ಕಾರ್ಡು ಇರುವ ಕೆಲಸ ಎಂದ. ರಸ್ತೆಯಲ್ಲಿ ಸತ್ತವನಿಗೂ ಕಂಪನಿ ಇಷ್ಟು ಮಾಡುತ್ತಿದೆ, ಯಾರು ಕೇಳಿದರೂ ರಸ್ತೆ ಎಂದೇ ಹೇಳಬೇಕು ಎಂದ. ಸೊಸೆಯ ಮಡಿಲಲ್ಲಿ ಮಗು ಮಲಗಿತ್ತು. ಅವಳು ಅತ್ತೆಯ ಕಡೆ ನೋಡಲಿಲ್ಲ. ಆಯಿತು ಎಂದಳು.

ಅವನು ಹೋದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು. "ನನ್ನ ಮಗನ ಎದೆ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ಕೋ." ಅಲ್ಲಿಂದ ಮಾತು ನಿಂತಿತು. ಆದರೆ ಆ ಸಂಬಳದ ಅನ್ನವನ್ನು ಅವಳೂ ಉಣ್ಣುತ್ತಿದ್ದಳು. ಉಣ್ಣುವಾಗ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

ಈ ಅಳತೆಯ ಸುದ್ದಿ ಬಂದದ್ದು ಆಮೇಲೆ. ಹೊರದೇಶದ ಒಂದು ಸಂಸ್ಥೆ ದೊಡ್ಡ ದೊಡ್ಡ ಕಂಪನಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಯಾವುದು ತನ್ನ ಕೆಲಸಗಾರರನ್ನು ಮನುಷ್ಯರಂತೆ ನಡೆಸಿಕೊಳ್ಳುತ್ತದೆ ಎಂದು ಅಂಕ ಹಾಕಿ, ಮೇಲಿನಿಂದ ಕೆಳಗೆ ಸಾಲಾಗಿ ಪ್ರಕಟಿಸುತ್ತಿತ್ತು. ಹಿಂದಿನ ಸಲ ಕಂಪನಿ ತಳಕ್ಕೆ ಬಿದ್ದಿತ್ತು. ಬೂಟು ಕೊಳ್ಳುವ ಅಂಗಡಿಯವರು ಮುಖ ಕಿವುಚಿದ್ದರು. ಈ ಸಲ ಮೇಲಿನ ಸಾಲಿಗೆ ಬರಲೇಬೇಕೆಂದು ಮೇನೇಜರ್ ಹಾಲಿನ ಮಧ್ಯೆ ನಿಂತು ಭಾಷಣ ಮಾಡಿದ. ಅಂಕ ಹೋದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ನಿಮ್ಮ ಮನೆಯ ಒಲೆ ಆರುತ್ತದೆ, ನನ್ನದಲ್ಲ ಎಂದ. ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಇದೊಂದೇ.

ಕುಡಿಯುವ ನೀರಿನ ಹೊಸ ಯಂತ್ರ ಬಂತು. ಕಕ್ಕಸಿಗೆ ಚಿಲಕ ಬಂತು. ದೂರು ಹಾಕುವ ಪೆಟ್ಟಿಗೆ ಬಂತು, ಅದರ ಎದುರಿಗೇ ಕ್ಯಾಮೆರಾ ಬಂತು. ಇಲ್ಲಿ ಎಲ್ಲರೂ ಸಮಾನರು ಎಂಬ ಹಲಗೆ ಬಂತು. ಅದನ್ನು ಗೋಡೆಗೆ ಹೊಡೆಯಲು ಹಸಿ ಶೆಡ್ಡಿನಿಂದ ಒಬ್ಬನನ್ನು ಕರೆದು, ಹೊಡೆದಾದ ಮೇಲೆ ಅವನು ನಿಂತ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರು.

ಯಾರು ಮಾತಾಡಬೇಕು ಎಂದು ಆರಿಸುವಾಗ ಮೇನೇಜರಿಗೆ ಸೊಸೆ ನೆನಪಾದಳು. ಗಂಡ ಸತ್ತವಳು, ಕಂಪನಿ ಕೈಹಿಡಿದು ಮೇಲೆತ್ತಿದವಳು. ಇಂಥದ್ದು ಬೇರೆ ಯಾವ ಕಂಪನಿಯ ಹತ್ತಿರ ಇದೆ? ಸೀಟಿ ಅವಳನ್ನು ದಿನಾ ಊಟದ ಹೊತ್ತಿನಲ್ಲಿ ನಿಲ್ಲಿಸಿ ಹೇಳಬೇಕಾದದ್ದನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದ. ನನ್ನ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕಂಪನಿ ನನ್ನ ಕೈ ಬಿಡಲಿಲ್ಲ. ತೀರಿಕೊಂಡರು ಅನ್ನುವಾಗ ಸ್ವಲ್ಪ ತಡಿ, ಗಂಟಲು ಕಟ್ಟಿದ ಹಾಗಿರಲಿ ಎಂದ ಸೀಟಿ. ಅವಳು ತಡೆದು ಹೇಳಿದಳು. ಹಾಗೇ, ಹಾಗೇ ಎಂದ. ಬಾಕಿ ಹೆಂಗಸರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ತನ್ನ ಗಂಡನನ್ನು ದಿನಕ್ಕೊಮ್ಮೆ ರಸ್ತೆಗೆ ಎಳೆದು ಮಲಗಿಸುತ್ತಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಯಂತ್ರದ ಮುಂದೆ ಕೂತರೂ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು. ಹೊಲಿಗೆ ಓರೆಯಾಗುತ್ತಿತ್ತು.

ಆ ದಿನ ಬಂದವರು ಇಬ್ಬರು. ಒಬ್ಬಳು ನರೆತ ಕೂದಲಿನ ಹೆಂಗಸು, ಇನ್ನೊಬ್ಬ ಕಂಪ್ಯೂಟರ್ ಹಿಡಿದ ಯುವಕ. ಆ ಹೆಂಗಸನ್ನು ಹಾಲಿನವರು ಆಗಲೇ ಅಂಕದಮ್ಮ ಎಂದು ಕರೆದಾಗಿತ್ತು. ಕೆಟ್ಟವಳಲ್ಲ. ಸೊಸೆ ಒಳಗೆ ಹೋದಾಗ ಎದ್ದು ನಿಂತು ಕುರ್ಚಿ ತೋರಿಸಿದಳು. ಕಂಪನಿಯವರು ಯಾರೂ ಒಳಗೆ ಇರಬಾರದು ಎಂದು ಮೇನೇಜರನ್ನು ಹೊರಗೆ ಕಳಿಸಿದಳು. ಸೀಟಿ ಗಾಜಿನ ಬಾಗಿಲಿನ ಆಚೆ ಬೆನ್ನು ಮಾಡಿ ನಿಂತ.

ಪ್ರಶ್ನೆಗಳು ಗೊತ್ತಿದ್ದವೇ. ಹೊತ್ತು ಮೀರಿ ದುಡಿಸುತ್ತಾರಾ? ಇಲ್ಲ. ಬೈಯುತ್ತಾರಾ? ಇಲ್ಲ. ದೂರು ಕೊಟ್ಟರೆ ತೊಂದರೆ ಮಾಡುತ್ತಾರಾ? ಇಲ್ಲ. ಯುವಕ ಒಂದೊಂದಕ್ಕೂ ಟಕ್ ಎಂದು ಒತ್ತುತ್ತಿದ್ದ. ಇಲ್ಲಿ ಕೆಲಸ ಮಾಡುವಾಗ ಯಾರಾದರೂ ಸತ್ತಿದ್ದಾರಾ ಎಂದು ಅಂಕದಮ್ಮ ಕೇಳಿದಳು. ಸೊಸೆ ಇಲ್ಲ ಎಂದಳು. ಟಕ್. ಆಮೇಲೆ ಗಂಡನ ಮಾತು. ಅವಳು ಒಪ್ಪಿಸಿದಳು. ತಡೆಯಬೇಕಾದಲ್ಲಿ ತಡೆಯಲು ಹೋದಳು, ಗಂಟಲು ನಿಜವಾಗಿಯೇ ಕಟ್ಟಿತು. ಅಂಕದಮ್ಮ ನೀರಿನ ಲೋಟ ಮುಂದೆ ಸರಿಸಿದಳು. ಇದು ಒಳ್ಳೆಯ ಉದಾಹರಣೆ, ಇದಕ್ಕೆ ಪೂರ್ತಿ ಅಂಕ ಇದೆ ಎಂದು ಯುವಕನಿಗೆ ಹೇಳಿದಳು.

ಆಗ ಅಂಗಳದ ಆಚೆಯಿಂದ ಸದ್ದು ಬಂತು. ತಗಡಿಗೆ ಏನೋ ಬಡಿದ ಸದ್ದು. ನಿಂತಿತು. ಮತ್ತೆ ಶುರುವಾಯಿತು. ಈಗ ಎಡೆಬಿಡದೆ ಬರತೊಡಗಿತು.

ಏನದು ಎಂದು ಅಂಕದಮ್ಮ ತಲೆ ಎತ್ತಿದಳು. ಸೀಟಿ ಬಾಗಿಲು ತುಸು ಸರಿಸಿ, ಯಂತ್ರ ಮೇಡಂ, ಹಳೆಯದು, ಹಾಗೇ ಬಡ್ಕೊಳ್ಳುತ್ತೆ ಎಂದು ನಕ್ಕ. ಯುವಕನೂ ನಕ್ಕ.

ಬಡಿತದ ನಡುವೆ ಒಂದು ದನಿ ಇತ್ತು. ದನಿ ಎನ್ನುವಂತೆಯೂ ಇರಲಿಲ್ಲ. ಉಬ್ಬಸದಂತೆ, ಉಸಿರು ಹರಿದಂತೆ. ಮಗನನ್ನು ಮಣ್ಣು ಮಾಡಿದ ದಿನ ಅತ್ತೆಯ ಎದೆಯಿಂದ ಇಂಥದ್ದೇ ದನಿ ಬಂದಿತ್ತು. ಸೊಸೆ ಲೋಟ ಕೆಳಗಿಟ್ಟಳು. ಎದ್ದು ನಿಂತಳು. ಇನ್ನೂ ಎರಡು ಪ್ರಶ್ನೆ ಇದೆ ಎಂದಳು ಅಂಕದಮ್ಮ.

"ಅದು ಯಂತ್ರ ಅಲ್ಲ. ನಮ್ಮತ್ತೆ," ಎಂದಳು ಸೊಸೆ.

ಸೀಟಿ ಬಾಗಿಲಲ್ಲಿ ಅವಳ ತೋಳು ಹಿಡಿದ. ಹಿಡಿದ ಕೈಯನ್ನು ಅವಳು ನೋಡಿದಳು. ಅವನು ಬಿಡಲಿಲ್ಲ. ಅವಳು ಹಾಗೇ ಮುಂದೆ ನಡೆದಳು, ತೋಳಿನ ಹೊಲಿಗೆ ಹರಿದು ಬಟ್ಟೆ ಅವನ ಕೈಯಲ್ಲಿ ಉಳಿಯಿತು. ಹಾಲಿನ ಮಧ್ಯೆ ನಡೆಯುತ್ತ, ಉಗ್ರಾಣದಲ್ಲಿ ಜನ ಇದ್ದಾರೆ, ಬೀಗ ಹಾಕಿದ್ದಾರೆ ಎಂದು ಹೇಳಿದಳು. ಕೂಗಲಿಲ್ಲ, ಹೇಳಿದಳು. ಇದು ಹಾಲಿನವರಿಗೆಲ್ಲ ಗೊತ್ತಿದ್ದ ವಿಷಯವೇ. ಗೊತ್ತಿದ್ದದ್ದನ್ನು ಬಾಯಿ ಬಿಟ್ಟು ಹೇಳಿದವರು ಇರಲಿಲ್ಲ. ಬೂಟಿಗೆ ಗುಂಡಿ ಹಚ್ಚುವವಳು ಮೊದಲು ಎದ್ದಳು. ಎದ್ದವಳು ತನ್ನ ಸುತ್ತಿಗೆಯನ್ನೂ ಎತ್ತಿಕೊಂಡಳು. ಒಂದೊಂದೇ ಯಂತ್ರ ನಿಂತಿತು. ಹಾಲು ಯಾವತ್ತೂ ಅಷ್ಟು ಸದ್ದಿಲ್ಲದೆ ಇದ್ದದ್ದಿಲ್ಲ. ಆ ಮೌನದಲ್ಲಿ ಬಡಿತ ಎಲ್ಲರಿಗೂ ಕೇಳಿಸಿತು.

ಕೀಲಿ ನನ್ನ ಹತ್ತಿರ ಇಲ್ಲ ಎಂದ ಸೀಟಿ. ಗುಂಡಿಯವಳು ಬೀಗಕ್ಕೆ ಹೊಡೆದಳು. ಅದು ಬಗ್ಗಿತು, ಬಿಡಲಿಲ್ಲ. ಸೊಸೆ ಸುತ್ತಿಗೆ ಕಸಿದುಕೊಂಡು ಚಿಲಕದ ಬುಡಕ್ಕೆ ಹೊಡೆದಳು. ತಗಡು ಹರಿಯಿತು.

ಒಳಗಿನ ಸೆಕೆ ಮುಖಕ್ಕೆ ರಾಚಿತು. ಉಪ್ಪು, ಕೊಳೆತ ಮಾಂಸ, ಬೆವರು. ಹೆಂಗಸರು ಚರ್ಮದ ರಾಶಿಗಳ ನಡುವೆ ನಿಂತಿದ್ದರು, ಕೂರಲು ಜಾಗವಿರಲಿಲ್ಲ. ದಮ್ಮಿನವಳು ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸು ನೆಲಕ್ಕೆ ಬಿದ್ದಿದ್ದಳು, ತುಟಿ ನೀಲಿಯಾಗಿತ್ತು. ಅವಳ ತಲೆಯನ್ನು ಒಬ್ಬಳು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅತ್ತೆ ಬಾಗಿಲಿಗೆ ಆನಿಕೊಂಡೇ ಇದ್ದಳು. ಬಡಿದು ಬಡಿದು ಅಂಗೈ ಒಡೆದು ಮಣಿಕಟ್ಟಿನವರೆಗೆ ರಕ್ತ ಇಳಿದಿತ್ತು. ಸೊಸೆಯನ್ನು ನೋಡಿದಳು. ವರ್ಷಗಳ ಮೇಲೆ ನೇರವಾಗಿ ಅವಳಿಗೇ ಒಂದು ಮಾತು ಹೇಳಿದಳು.

"ನೀರು ತಾ."

ಸೊಸೆ ಓಡಿ ಹೊಸ ಯಂತ್ರದಿಂದ ನೀರು ತಂದಳು. ದಮ್ಮಿನವಳಿಗೆ ಕುಡಿಸಿದರು, ಮುಖಕ್ಕೆ ಚಿಮುಕಿಸಿದರು. ಅವಳು ಕಣ್ಣು ಬಿಟ್ಟಳು. ಗುಂಡಿಯವಳು ಹಾಗೂ ಇನ್ನೊಬ್ಬಳು ಅವಳನ್ನು ಮುಂದಿನ ಗೇಟಿನಿಂದಲೇ ಎತ್ತಿಕೊಂಡು ಹೋಗಿ ಬಂದವರ ಕಾರಿನಲ್ಲೇ ಹಾಕಿದರು. ಆ ಕಾರು ಆಸ್ಪತ್ರೆಗೆ ಹೋಯಿತು. ಅವಳು ಬದುಕಿಕೊಂಡಳು.

ಅಂಕದಮ್ಮ ಅಂಗಳದಲ್ಲಿ ನಿಂತಿದ್ದಳು. ಮೇನೇಜರ್ ಮಾತಾಡುತ್ತಲೇ ಇದ್ದ. ಇವರು ನಮ್ಮವರಲ್ಲ ಮೇಡಂ, ಗುತ್ತಿಗೆದಾರರ ಜನ, ನೆರಳಿಗೆ ಅಂತ ಅವರೇ ಒಳಗೆ ಹೋಗಿದ್ದಾರೆ ಎಂದ. ನೆರಳಿಗೆ ಹೋದವರಿಗೆ ಹೊರಗಿನಿಂದ ಬೀಗ ಯಾಕೆ ಎಂದು ಅಂಕದಮ್ಮ ಕೇಳಿದಳು. ಅವನು ಸೀಟಿಯ ಮುಖ ನೋಡಿದ. ಸೀಟಿ ನೆಲ ನೋಡಿದ. ಯುವಕ ಕಂಪ್ಯೂಟರ್ ತೆರೆದು, ಗುತ್ತಿಗೆದಾರರ ಜನಕ್ಕೆ ಬೇರೆ ವಿಭಾಗ ಇದೆ, ಅದಕ್ಕೆ ಈ ವರ್ಷ ಅಂಕ ಕಡಿಮೆ ಎಂದು ಮೆಲ್ಲಗೆ ಹೇಳಿದ.

ಅತ್ತೆಗೆ ಅದು ಕೇಳಿಸಿತು. "ನಮಗೆಷ್ಟಿದೆ?" ಎಂದು ಕೇಳಿದಳು. "ಕಮ್ಮಿ ಅಂದ್ರೆ ಎಷ್ಟು? ಇವರಿಗೆ ಹೋಲಿಸಿದ್ರೆ ನಾವು ಕಾಲು ಮನುಷ್ಯರಾ, ಅರ್ಧ ಮನುಷ್ಯರಾ?"

ಯುವಕ ಕಂಪ್ಯೂಟರ್ ಮುಚ್ಚಿದ.

ಸೊಸೆ ಅಂಕದಮ್ಮನ ಎದುರಿಗೆ ಹೋಗಿ ನಿಂತಳು.

"ನಾನು ಒಳಗೆ ಹೇಳಿದ್ದು ಸುಳ್ಳು. ನನ್ನ ಗಂಡ ರಸ್ತೆಯಲ್ಲಿ ಸಾಯಲಿಲ್ಲ. ಆ ಮುಚ್ಚಳದ ಕೆಳಗೆ ಸತ್ತ. ಗುತ್ತಿಗೆದಾರ ಇಳಿಸಿದ, ಈ ಸೂಪರ್‌ವೈಸರ್ ನೋಡ್ತಾ ನಿಂತಿದ್ದ, ಈ ಮೇನೇಜರ್ ಬಂದು ನನಗೆ ಕುರ್ಚಿ ಕೊಟ್ಟರು. ಪೂರ್ತಿ ಅಂಕ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ."

ಅಂಕದಮ್ಮ ಬಿಳಿಚಿಕೊಂಡಳು. ಎಲ್ಲವನ್ನೂ ಬರೆಯುತ್ತೇನೆ ಎಂದಳು. ತನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಸೊಸೆಯ ಕೈಗೆ ಕೊಟ್ಟು, ಬಾಡಿಗೆ ಕಾರು ತರಿಸಿಕೊಂಡು ಹೊರಟುಹೋದಳು.

ಕಾರು ಹೋದ ಮೇಲೆ ಮೇನೇಜರ್ ಸೊಸೆಯ ಕೊರಳಿನ ಕಾರ್ಡನ್ನು ತಾನೇ ಎಳೆದು ತೆಗೆದ. ನಾಳೆಯಿಂದ ಬರಬೇಡ ಎಂದ. ಆಮೇಲೆ ಹಸಿ ಶೆಡ್ಡಿನವರ ಕಡೆ ತಿರುಗಿ, ಆಟ ಸಾಕು, ಚರ್ಮ ತಿರುವಿ ಎಂದ.

ಯಾರೂ ಅಲ್ಲಾಡಲಿಲ್ಲ. ಅತ್ತೆ ಅಂಗಳದಲ್ಲೇ ಕೂತಳು. ಅವಳ ಪಕ್ಕ ಇನ್ನೊಬ್ಬಳು ಕೂತಳು. ಸೀಟಿ ಊದಿದ. ಇನ್ನೂ ನಾಲ್ಕು ಜನ ಕೂತರು. ಸೊಸೆಯನ್ನು ಕೆಲಸಕ್ಕೆ ವಾಪಸ್ ತಗೊಳ್ಳುವವರೆಗೆ ಚರ್ಮ ಮುಟ್ಟುವುದಿಲ್ಲ ಎಂದರು. ಅಳಿಯ ಬಂದು ಕುಣಿದ. ನಿಮ್ಮ ಜಾಗಕ್ಕೆ ಬೇರೆಯವರು ಬೇಕಾದಷ್ಟು ಸಿಗುತ್ತಾರೆ ಎಂದ. ಕರೆದುಕೊಂಡು ಬಾ ಎಂದರು. ಅವನು ಹೋದ, ಒಬ್ಬನೇ ಬಂದ. ಬಿಸಿಲು ಏರಿತು. ತೊಟ್ಟಿಗಳಲ್ಲಿ ನೊರೆ ಏಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ವಾಸನೆ ಹೊಲಿಗೆ ಹಾಲನ್ನು ದಾಟಿ ಮೇನೇಜರನ ಕೋಣೆಗೆ ಹೋಯಿತು. ಅವನು ಮೂಗು ಮುಚ್ಚಿಕೊಂಡು ಹೊರಗೆ ಬಂದ. ಸೀಟಿ ತಾನೇ ಕೋಲು ಹಿಡಿದು ಒಂದು ಚರ್ಮ ಎತ್ತಲು ಹೋದ. ನೀರು ತುಂಬಿದ ಚರ್ಮ ಮನುಷ್ಯನಿಗಿಂತ ಭಾರ. ಕಾಲು ಜಾರಿ ತೊಟ್ಟಿಯ ಅಂಚಿಗೆ ಬಿದ್ದ, ಸುಣ್ಣದ ನೀರು ಕಣ್ಣಿಗೆ ಹಾರಿತು. ಅವನನ್ನು ಎಳೆದು ಕಣ್ಣು ತೊಳೆಸಿದವಳೂ ಹಸಿ ಶೆಡ್ಡಿನವಳೇ. ತೊಳೆಸಿ ಬಂದು ಮತ್ತೆ ಕೂತಳು.

ಅಳಿಯ ಆಗ ಮೊದಲ ಸಲ ಅತ್ತೆಯನ್ನು ಅಕ್ಕಾ ಎಂದು ಕರೆದ. ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ ಎಂದ. ನಿನ್ನ ಹೊಟ್ಟೆ ತುಂಬಾ ದೊಡ್ಡದಪ್ಪ, ಹೊಡೆದರೂ ನಿನಗೆ ಗೊತ್ತಾಗಲ್ಲ ಎಂದಳು ಅತ್ತೆ. ಕೂತಿದ್ದವರು ನಕ್ಕರು. ಅಂಗಳದಲ್ಲಿ ನಗು ಬಂದದ್ದು ಅದೇ ಮೊದಲು.

ಸಂಜೆಗೆ ಒಪ್ಪಂದವಾಯಿತು. ಸೊಸೆಗೆ ಹೊಲಿಗೆ ಹಾಲಿನ ಕೆಲಸ ವಾಪಸ್ ಇಲ್ಲ, ಬೇಕಿದ್ದರೆ ಅಳಿಯನ ಕೆಳಗೆ ಹಸಿ ಶೆಡ್ಡಿಗೆ ಬರಬಹುದು. ಎಲ್ಲರಿಗೂ ಕೈಗವಸು, ಬೂಟು. ಉಗ್ರಾಣಕ್ಕೆ ಇನ್ನು ಬೀಗವಿಲ್ಲ. ಸೊಸೆ ಒಪ್ಪಿಕೊಂಡಳು. ಮಾರನೆಯ ದಿನ ಅವಳೂ ಅತ್ತೆಯೂ ಒಂದೇ ಚರ್ಮದ ಎರಡು ತುದಿ ಹಿಡಿದು ನಿಂತರು. ಸೊಸೆಗೆ ಎಳೆಯಲು ಬರಲಿಲ್ಲ. ಸೊಂಟದಿಂದ ಎಳಿ, ಕೈಯಿಂದ ಎಳೆದರೆ ಭುಜ ಹೋಗುತ್ತೆ ಎಂದು ಅತ್ತೆ ಗದರಿದಳು. ವಾರ ಕಳೆಯುವಷ್ಟರಲ್ಲಿ ಸೊಸೆಯ ಮೈಗೂ ವಾಸನೆ ಹತ್ತಿತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟೂ ಖಾಲಿ ಉಳಿಯತೊಡಗಿತು. ಅತ್ತೆ ಬಂದು ಅಲ್ಲಿ ಕೂತಳು.

ಕೆಲವು ತಿಂಗಳ ಮೇಲೆ ಸಾಲು ಪ್ರಕಟವಾಯಿತು. ಕಂಪನಿ ತಳದಿಂದ ಎದ್ದು ಮೇಲಿನ ಸಾಲಿಗೆ ಬಂದಿತ್ತು. ಗೇಟಿಗೆ ಬ್ಯಾನರ್ ಕಟ್ಟಿದರು. ಸೊಸೆ ಚೀಟಿಯ ನಂಬರಿಗೆ ಫೋನ್ ಮಾಡಿದಳು. ಅಂಕದಮ್ಮ ತುಂಬಾ ಹೊತ್ತು ಮಾತಾಡಿದಳು. ತಾನು ನೋಡಿದ್ದನ್ನೆಲ್ಲ ಬರೆದಿದ್ದಾಳಂತೆ. ಉಗ್ರಾಣದ ವಿಷಯ ವರದಿಯಲ್ಲಿ ಇದೆಯಂತೆ, ಅದಕ್ಕೆ ಅಂಕ ಕಳೆದಿದ್ದಾರಂತೆ. ಆದರೆ ಕಂಪನಿ ಬರೆದು ಕೊಟ್ಟ ನೀತಿ ನಿಯಮಗಳು ಬಹಳ ಚೆನ್ನಾಗಿದ್ದವಂತೆ, ಅದರಲ್ಲಿ ಅಂಕ ಬಂದುಬಿಟ್ಟಿತಂತೆ. ಬಾಕಿ ಕಂಪನಿಗಳು ಇದಕ್ಕಿಂತ ಕೆಟ್ಟದಾಗಿದ್ದವಂತೆ. ನನ್ನ ಗಂಡನ ವಿಷಯ ಎಂದು ಸೊಸೆ ಕೇಳಿದಳು.

"ದಾಖಲೆಯಲ್ಲಿ ರಸ್ತೆ ಅಪಘಾತ ಅಂತಿದೆ," ಎಂದಳು ಅಂಕದಮ್ಮ. "ಅದು ಹಾಗಿರೋವರೆಗೆ ನನ್ನ ಕೈ ಕಟ್ಟಿದೆ. ನನ್ನನ್ನ ಕ್ಷಮಿಸಿ."

ಸೊಸೆ ಫೋನ್ ಇಟ್ಟಳು. ಅತ್ತೆಗೆ ಎಲ್ಲವನ್ನೂ ಹೇಳಿದಳು. ಅವತ್ತು ಅತ್ತೆ ಮನೆಯಲ್ಲಿ ಒಂದು ಕಡೆ ಕೂರಲಾರದೆ, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತ ಇದ್ದಳು.

ಬ್ಯಾನರ್ ಇನ್ನೂ ಬಣ್ಣಗೆಡುವ ಮೊದಲೇ ಹೊಂಡ ಕಟ್ಟಿಕೊಂಡಿತು. ಕೊಳಕು ನೀರು ಶೆಡ್ಡಿನ ನೆಲದ ಮೇಲೆ ಹಿಂದಕ್ಕೆ ಹರಿಯಿತು. ಅಳಿಯ ಲಾರಿ ಇಳಿಸುವವರಲ್ಲಿ ಒಬ್ಬನನ್ನು ಕರೆದ. ಹೊಸಬ, ಹೆಂಡತಿ ಬಸುರಿ. ಈ ಸಲ ಹಗ್ಗ ಇತ್ತು. ಹಗ್ಗ ಇದೆಯಲ್ಲ ಎಂದು ಅಳಿಯ ದೊಡ್ಡ ಉಪಕಾರ ಮಾಡಿದವನಂತೆ ತೋರಿಸಿದ. ಆ ಮನುಷ್ಯ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ. ಸೀಟಿ ಮುಚ್ಚಳ ಎತ್ತಲು ಬಗ್ಗಿದ.

ಅತ್ತೆ ಹೋಗಿ ಮುಚ್ಚಳದ ಮೇಲೆ ಕೂತಳು.

ಏಳು ಎಂದ ಸೀಟಿ. ಅವಳು ಕಾಲು ಮಡಚಿ ಸರಿಯಾಗಿ ಕೂತಳು. ಸೊಸೆ ಬಂದು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಉಳಿದವರು ಸುತ್ತ ನಿಂತರು. ಹೊಲಿಗೆ ಹಾಲಿನ ಕಿಟಕಿಗಳಲ್ಲಿ ಮುಖಗಳು ಕಂಡವು. ಮೇನೇಜರ್ ಬಂದ. ನಾವು ಮೇಲಿನ ಸಾಲಿನ ಕಂಪನಿ, ಮರ್ಯಾದೆ ತೆಗೀಬೇಡಿ ಎಂದ. ಬೇರೆ ದಾರಿಯೇ ಇಲ್ಲ, ನೀರು ಹೋಗದಿದ್ದರೆ ಫ್ಯಾಕ್ಟರಿ ನಿಲ್ಲುತ್ತೆ, ಯಾರಾದರೂ ಇಳಿಯಲೇಬೇಕು ಎಂದ.

"ಮೊದಲು ನೀವು ಇಳೀರಿ," ಎಂದಳು ಅತ್ತೆ. "ವಾಸನೆ ಹೋಯ್ತಾ ಅಂತ ನಾನು ಮೇಲಿಂದ ಕೇಳ್ತೀನಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಹಗ್ಗ ಸುತ್ತಿಕೊಂಡಿದ್ದ ಮನುಷ್ಯ ಅದನ್ನು ಬಿಚ್ಚಿ ನೆಲಕ್ಕೆ ಹಾಕಿದ. ಅಂಗಿ ಹಾಕಿಕೊಂಡ. ಮೇನೇಜರ್ ಫೋನ್ ತೆಗೆದು ದೂರ ಹೋಗಿ ಯಾರೊಂದಿಗೋ ಮಾತಾಡಿದ.

ಅತ್ತೆ ಸೊಸೆ ಇನ್ನೂ ಕೂತೇ ಇರುವಾಗ ಹಿಂದಿನ ಗೇಟಿನಿಂದ ಒಂದು ಲಾರಿ ಬಂತು. ಬೆನ್ನ ಮೇಲೆ ದೊಡ್ಡ ಪೀಪಾಯಿ, ಪಕ್ಕದಲ್ಲಿ ಸುತ್ತಿಟ್ಟ ದಪ್ಪ ಪೈಪು. ಕೆಸರು ಹೀರುವ ಲಾರಿ. ಡ್ರೈವರ್ ಇಳಿದು, ಅಮ್ಮಾ ಸ್ವಲ್ಪ ಜರುಗಿ ಎಂದ. ಅವರು ಎದ್ದರು. ಅವನು ಕೊಕ್ಕೆಯಿಂದ ಮುಚ್ಚಳ ಎಳೆದು, ಪೈಪು ಇಳಿಬಿಟ್ಟು, ಒಂದು ಗುಂಡಿ ಒತ್ತಿದ. ಪೈಪು ಹಾವಿನಂತೆ ಮಿಸುಕಿತು. ಯಾರೋ ಗಟಗಟ ಕುಡಿದಂತೆ ಹೊಂಡ ಖಾಲಿಯಾಗತೊಡಗಿತು. ಡ್ರೈವರ್ ಲಾರಿಗೆ ಒರಗಿ ಬಿಸ್ಕತ್ತು ತಿನ್ನುತ್ತ ನಿಂತ.

ಅತ್ತೆ ಪೈಪನ್ನೇ ನೋಡುತ್ತಿದ್ದಳು. ಈ ಗಾಡಿ ಎಲ್ಲಿಂದ ಬಂತು ಎಂದು ಕೇಳಿದಳು. ಹಿಂದಿನ ಬೀದಿ, ಪೆಟ್ರೋಲ್ ಬಂಕಿನ ಪಕ್ಕವೇ ನಮ್ಮ ಶೆಡ್ಡು ಎಂದ. ಹೊಸದಾ ಎಂದಳು. ಅವನು ನಕ್ಕ. ಇದು ಬಂದು ಎಷ್ಟೋ ವರ್ಷ ಆಯ್ತಮ್ಮ, ನನ್ನ ಮದುವೆಗಿಂತ ಹಳೇದು, ನನ್ನ ಮಗ ಈಗ ಶಾಲೆಗೆ ಹೋಗ್ತಾನೆ ಎಂದ.

ಆಗಲೂ ಇತ್ತು, ಇಷ್ಟೇ ಇತ್ತಾ ಎಂದಳು ಅತ್ತೆ, ಯಾರಿಗೂ ಅಲ್ಲ. ಮಗನನ್ನು ಎತ್ತಿದ ದಿನ ಬಾರದಿದ್ದ ಕಣ್ಣೀರು ಈಗಲೂ ಬರಲಿಲ್ಲ. ಮುಖ ಮಾತ್ರ ಕಪ್ಪಾಯಿತು. ಕೈಗವಸು ಕಳಚಿ ಅಲ್ಲೇ ಎಸೆದಳು.

"ಬಾ," ಎಂದಳು ಸೊಸೆಗೆ.

ಎಲ್ಲಿಗೆ ಎಂದು ಸೊಸೆ ಕೇಳಲಿಲ್ಲ. ಇಬ್ಬರೂ ಮೈಮೇಲಿನ ಕೆಸರನ್ನೂ ತೊಳೆಯದೆ ನಡೆದೇ ಹೋದರು. ಹಗ್ಗ ಬಿಚ್ಚಿದ ಮನುಷ್ಯ ಸ್ವಲ್ಪ ದೂರ ನಿಂತು ನೋಡಿದ, ಆಮೇಲೆ ಅವನೂ ಹಿಂದೆ ಹೊರಟ. ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಕೂತಿದ್ದ ಪೊಲೀಸಿನವನು ಕರವಸ್ತ್ರ ಮೂಗಿಗೆ ಹಿಡಿದ. ಹೊರಗೆ ನಿಂತು ಹೇಳಿ ಎಂದ. ಅವರು ಒಳಗೆ ಬಂದು ಅವನ ಎದುರಿನ ಬೆಂಚಿನ ಮೇಲೆ ಕೂತರು. ಏನು, ಯಾವ ತರದ ದೂರು, ಕಳ್ಳತನವಾ, ಜಗಳವಾ ಎಂದು ಕೇಳಿದ.

"ಕೊಲೆ," ಎಂದಳು ಸೊಸೆ. "ಬರ್ಕೊಳ್ಳಿ."

ಅವನು ಪೆನ್ನು ಎತ್ತಲಿಲ್ಲ. ಇವರು ಏಳಲಿಲ್ಲ.